ದೀಪ ಆರಿಸಿದ ಸಂಜೆಯ ಹೆರಿಗೆ

ನಾನು ಕೆಲಸ ಮಾಡುವ ಹೆರಿಗೆ ಆಸ್ಪತ್ರೆ ವಿಲೆ ಪಾರ್ಲೆಯಲ್ಲಿದೆ, ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ. ವಿಮಾನಗಳು ನಮ್ಮ ತಲೆಯ ಮೇಲೆಯೇ ಹಾದು ಇಳಿಯುತ್ತವೆ. ಹೊಸದಾಗಿ ಬಂದ ಬಸುರಿಯರು ಮೊದಲ ಸಲ ಬೆಚ್ಚಿ ಸೂರು ನೋಡುತ್ತಾರೆ. ನಾಲ್ಕಾರು ಸಲ ಬಂದು ಹೋದ ಮೇಲೆ ಅವರಿಗೂ ರೂಢಿಯಾಗುತ್ತದೆ. ಗಡಿಯಲ್ಲಿ ಯುದ್ಧ ಶುರುವಾದ ವಾರ ಮಾತ್ರ ರೂಢಿಯಾದವರೂ ಮತ್ತೆ ಸೂರು ನೋಡತೊಡಗಿದರು. ಅವರಿಗೆ ಧೈರ್ಯ ಹೇಳಬೇಕಾದ ನಾನೂ ನೋಡುತ್ತಿದ್ದೆ.

ನಾನು ವಿಜಯಪುರದ ಕಡೆಯವಳು. ನರ್ಸಿಂಗ್ ಕಲಿತು, ಮದುವೆಯಾಗಿ ಭಾಂಡುಪ್‌ಗೆ ಬಂದೆ. ನನ್ನ ಬದುಕಿನ ಹೆಚ್ಚಿನ ಭಾಗ ಹೆರಿಗೆ ಕೋಣೆಯಲ್ಲೇ ಕಳೆದಿದೆ. ಊರಲ್ಲಿದ್ದಿದ್ದರೆ ಸೂಲಗಿತ್ತಿ ಎನ್ನುತ್ತಿದ್ದರು, ಇಲ್ಲಿ ಎಲ್ಲರಿಗೂ ನಾನು ಸಿಸ್ಟರ್. ಆ ವಾರ ಬೆಳಿಗ್ಗೆ ನಾನು ಊಟದ ಡಬ್ಬಿ ತುಂಬಿಕೊಳ್ಳುವಾಗ ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ನಾಕ್ ದಿನ ರಜಾ ಹಾಕು. ಏರ್‌ಪೋರ್ಟ್ ಬಾಜೂಕ ಐತಿ ನಿಮ್ಮ ದವಾಖಾನಿ. ಏನರ ಆತಂದ್ರ ಮೊದಲ ಅಲ್ಲೇ ಆಗೂದು."

"ಹಡಿಯೋರು ರಜಾ ಹಾಕ್ತಾರೇನು?" ಎಂದು ನಾನು ನಕ್ಕು ಹೊರಡುತ್ತಿದ್ದೆ. ಆದರೆ ಲೋಕಲ್ ರೈಲಿನಲ್ಲಿ ಮಹಿಳೆಯರ ಡಬ್ಬಿ ಹತ್ತಿದ ಮೇಲೆ ಆ ನಗು ಇರುತ್ತಿರಲಿಲ್ಲ. ಯಾವಾಗಲೂ ಜಗಳ, ಹರಟೆ, ತರಕಾರಿ ಸೋಸುವುದು ನಡೆಯುವ ಆ ಡಬ್ಬಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ಫೋನ್ ನೋಡುತ್ತ ಕೂತಿರುತ್ತಿದ್ದರು. ಯಾರಾದರೊಬ್ಬರ ಫೋನಿನಿಂದ ಸ್ಫೋಟದ ಸದ್ದು ಕೇಳಿಸುತ್ತಿತ್ತು. ಅದು ಖರೆಯೋ ಸುಳ್ಳೋ, ಇವತ್ತಿನದೋ ಎಂದಿನದೋ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಜೊತೆಗೆ ಇನ್ನೊಬ್ಬ ಸಿಸ್ಟರ್ ಇದ್ದರು. ಉಡುಪಿ ಕಡೆಯವರು, ನನಗಿಂತ ಹಿರಿಯರು, ದಪ್ಪ ಕನ್ನಡಕ, ಕಡಿಮೆ ಮಾತು. ಯುದ್ಧದ ಸುದ್ದಿ ಬಂದ ಮೊದಲ ದಿನವೇ ಅವರು ಹೊರಗಿನ ಹಾಲ್‌ನ ಟೀವಿಯ ವೈರ್ ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಯಾರಾದ್ರೂ ಕೇಳಿದ್ರೆ ಹಾಳಾಗಿದೆ ಅಂತ ಹೇಳು ಮಾರಾಯ್ತಿ. ಈ ಕಿರುಚಾಟ ಕೇಳಿದ್ರೆ ನನಗೇ ಪ್ರೆಶರ್ ಏರ್ತದೆ, ಇವ್ರ ಕತೆ ಎಂತ?" ಎಂದರು.

ತಪಾಸಣೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಹಿಂದಿಯಲ್ಲಿ, ಮರಾಠಿಯಲ್ಲಿ, ಗುಜರಾತಿಯಲ್ಲಿ. ನಾವು ಹೆದರಿದರೆ ಮಗುವಿಗೆ ಏನಾದರೂ ಆಗುತ್ತದೆಯೇ? ಇಲ್ಲ ಎಂದು ನಾವಿಬ್ಬರೂ ಹೇಳುತ್ತಿದ್ದೆವು. ಪೂರ್ತಿ ಖರೆಯಲ್ಲದ ಮಾತು ಅದು. ಆದರೆ ಹೌದು ಎಂದರೆ ಅವರು ಹೆದರಿದ್ದಕ್ಕಾಗಿಯೇ ಇನ್ನಷ್ಟು ಹೆದರುತ್ತಿದ್ದರು.

ಅವರಲ್ಲಿ ಒಬ್ಬಳು ದಿನವೂ ಬರುತ್ತಿದ್ದಳು. ಪಾರ್ಲೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ತಾಯಿತಂದೆ ಬೆಳಗಾವಿ ಕಡೆಯವರು, ತಂದೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ನೌಕರ. ಎರಡು ವರ್ಷದ ಹಿಂದೆ ಬೆಳಗಾವಿ ಹತ್ತಿರದ ಹಳ್ಳಿಯ ಒಬ್ಬ ಸೈನಿಕನಿಗೆ ಅವಳನ್ನು ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡ ಗಡಿಯಲ್ಲಿದ್ದ. ಹೆರಿಗೆಯ ಹೊತ್ತಿಗೆ ರಜೆ ಹಾಕಿ ಬರುವವನಿದ್ದ. ಈಗ ರಜೆಗಳೆಲ್ಲ ರದ್ದಾಗಿದ್ದವು, ಫೋನೂ ಹತ್ತುತ್ತಿರಲಿಲ್ಲ. ಕೊನೆಯ ಸಲ ಮಾತಾಡಿದಾಗ, "ಕೆಲವು ದಿನ ಫೋನ್ ಬಂದ್ ಇರ್ತೈತಿ, ಅಂಜಬ್ಯಾಡ" ಎಂದಿದ್ದನಂತೆ. ಅಲ್ಲಿಯವರೆಗೆ ಅಂಜದವಳಿಗೆ ಆ ಮಾತಿನಿಂದಲೇ ಅಂಜಿಕೆ ಹತ್ತಿಕೊಂಡಿತು.

"ಮೌಶಿ, ಒಂದ್ಸಲ ಬೇಬಿ ಕಾ ಹಾರ್ಟ್ ಕೇಳಸ್ರಿ ನಾ," ಎನ್ನುತ್ತ ಬರುತ್ತಿದ್ದಳು. ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅವಳ ಕನ್ನಡ ಹೀಗೇ ಹಿಂದಿ, ಮರಾಠಿಯ ಮೇಲೆ ಕಾಲಿಟ್ಟು ನಡೆಯುತ್ತಿತ್ತು. ನಾನು ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಯಂತ್ರ ತೆಗೆಯಹೋದರೆ ಮಣಿಕಟ್ಟು ಹಿಡಿಯುತ್ತಿದ್ದಳು. "ಇನ್ನೊಂದು ಸ್ವಲ್ಪ." ಅಷ್ಟರಲ್ಲಿ ಮೇಲೆ ವಿಮಾನ ಹಾದು ಹೋದರೆ ಬಡಿತದ ಸದ್ದು ಅದರಲ್ಲಿ ಮುಳುಗಿ, ಮತ್ತೆ ಕೇಳಿಸುವವರೆಗೆ ಅವಳು ಉಸಿರಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸೈರನ್ ಕೂಗಿತು. ಅಣಕು ಕವಾಯತು ಇದೆ, ಯುದ್ಧ ಬಂದರೆ ಏನು ಮಾಡಬೇಕೆಂದು ಜನರಿಗೆ ಕಲಿಸುತ್ತಾರೆ ಎಂದು ಸುದ್ದಿಯಲ್ಲಿ ಹೇಳಿದ್ದರು. ನಮಗೆಲ್ಲ ಗೊತ್ತಿತ್ತು. ಆದರೂ ಆ ಸದ್ದು ಏಳುತ್ತ ಇಳಿಯುತ್ತ ಬಂದಾಗ ತಿಳಿವಳಿಕೆ ಕೆಲಸಕ್ಕೆ ಬರಲಿಲ್ಲ. ನನ್ನ ಕೈಯಲ್ಲಿದ್ದ ಸ್ಟೀಲ್ ಟ್ರೇ ಜಾರಿ ಬಿತ್ತು. ಅದರ ಸದ್ದಿಗೆ ಹಾಲ್‌ನಲ್ಲಿ ಕೂತಿದ್ದ ಹೆಂಗಸರು ಒಟ್ಟಿಗೆ ಚೀರಿದರು. ಒಬ್ಬಾಕೆ ತುಂಬಿದ ಹೊಟ್ಟೆ ಹೊತ್ತುಕೊಂಡು ಬೆಂಚಿನ ಕೆಳಗೆ ತೂರಲು ನೋಡುತ್ತಿದ್ದಳು. ಸೈನಿಕನ ಹೆಂಡತಿ ಗೋಡೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಹೊರಗಿನಿಂದ ಬರುವುದನ್ನು ತಡೆಯುವವಳಂತೆ ಎರಡೂ ತೋಳುಗಳಿಂದ ಹೊಟ್ಟೆಯನ್ನು ಸುತ್ತಿ ಹಿಡಿದಿದ್ದಳು. ಸೈರನ್ ನಿಂತ ಮೇಲೂ ಆ ತೋಳು ಬಿಡಿಸಲು ನನಗೆ ಆಗಲಿಲ್ಲ. ಉಡುಪಿಯ ಸಿಸ್ಟರ್ ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತರು. ಮಂಡಿನೋವಿನಿಂದ ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದವರು ಅವರು. ಅವಳ ಬೆನ್ನು ಸವರುತ್ತ ಬಹಳ ಹೊತ್ತು ಕೂತಿದ್ದರು.

ಆಮೇಲೆ ನೋಡಿದರೆ ಅವಳ ರಕ್ತದೊತ್ತಡ ಏರಿತ್ತು. ನಮ್ಮ ಡಾಕ್ಟರ್, ಮರಾಠಿ ಹೆಂಗಸು, ಅವಳನ್ನು ಮನೆಗೆ ಕಳಿಸಲಿಲ್ಲ. ಮಾತ್ರೆ ಶುರು ಮಾಡಿ ವಾರ್ಡಿನಲ್ಲೇ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ದಿನ ತುಂಬಿತ್ತು, ಮಗು ಸರಿಯಾದ ದಿಕ್ಕಿನಲ್ಲಿತ್ತು, ಒತ್ತಡವೂ ಮಾತ್ರೆಗೆ ಸ್ವಲ್ಪ ಇಳಿದಿತ್ತು. ಡಾಕ್ಟರ್ ಬಂದು ನೋಡಿ, ಸಹಜವಾಗಿ ಆಗಲಿ ಎಂದರು. ಮಧ್ಯಾಹ್ನ ಅವರಿಗೆ ಅಂಧೇರಿಯ ಒಂದು ಆಸ್ಪತ್ರೆಯಿಂದ ತುರ್ತು ಆಪರೇಶನ್‌ಗೆ ಕರೆ ಬಂತು. ಸಂಜೆಯೊಳಗೆ ಬರುತ್ತೇನೆ, ಏನಿದ್ದರೂ ಫೋನ್ ಮಾಡಿ ಎಂದು ಹೇಳಿ ಹೋದರು. ಅದು ನಮಗೆ ಹೊಸದಲ್ಲ. ಚೊಚ್ಚಲ ಹೆರಿಗೆ, ಸಮಯ ಹಿಡಿಯುತ್ತದೆ.

ನಾನು ಸಲಕರಣೆ ತೊಳೆಯುವ ಕೋಣೆಯಲ್ಲಿದ್ದಾಗ ಹುಡುಗಿಯ ತಾಯಿ ಒಳಗೆ ಬಂದು ಬಾಗಿಲು ಮುಚ್ಚಿದಳು. ಅವಳು ಮೆತ್ತನೆಯ ಹೆಂಗಸು, ಮಾತಾಡುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವವಳು. ಈಗ ಸೆರಗನ್ನು ಹಲ್ಲಿನಲ್ಲೇ ಕಚ್ಚಿಕೊಂಡಿದ್ದಳು.

"ಅಕ್ಕಾರ, ಊರಾಗಿಂದ ಫೋನ್ ಬಂದಿತ್ರಿ. ಅಳಿಯಂದ್ರ ತಮ್ಮ ಮಾಡಿದ್ದ. ಅಳಿಯಂದ್ರಿಗೆ ಬಡದೈತಂತ್ರಿ. ಶೆಲ್ ಬಿದ್ದು ಅದರ ಚೂರು ಬಡದಾವಂತ. ದವಾಖಾನಿಗೆ ಒಯ್ದಾರಂತ. ಅಷ್ಟ ಗೊತ್ತು."

"ಜೀವಕ್ಕ?"

"ಗೊತ್ತಿಲ್ರಿ. ಅವಂಗೂ ಗೊತ್ತಿಲ್ಲ." ಅವಳು ನನ್ನ ಒದ್ದೆ ಕೈಗಳನ್ನು ಹಿಡಿದುಕೊಂಡಳು. "ಆಕಿಗೆ ಹೇಳಬ್ಯಾಡ್ರಿ ಅಕ್ಕಾರ. ಕೂಸು ಹೊರಗ ಬರೂ ತನಕ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಹೇಳುವುದಿಲ್ಲ ಎಂದೆ. ಉಡುಪಿಯ ಸಿಸ್ಟರ್‌ಗೆ ವಿಷಯ ತಿಳಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಳ್ಳೇದಾಯ್ತು ಹೇಳದೇ ಇದ್ದದ್ದು. ಪ್ರೆಶರ್ ಇದ್ದ ಹುಡುಗಿ. ಇನ್ನು ನಿನ್ನ ಮುಖ ಸರಿ ಮಾಡ್ಕೊಂಡು ಒಳಗೆ ಹೋಗು," ಎಂದರು.

ಹೋದೆ. ಮುಖವನ್ನು ಸರಿ ಮಾಡಿಕೊಂಡೇ ಹೋದೆ. ಆದರೆ ಹೆರಿಗೆ ನೋವಿನಲ್ಲಿರುವ ಹೆಣ್ಣು ಪಕ್ಕದಲ್ಲಿರುವವರನ್ನು ಮುಖದಿಂದಲ್ಲ, ಮುಟ್ಟಿದ ಕೈಯಿಂದ ಓದುತ್ತಾಳೆ. ನೋವು ಬಂದಾಗ ನಾನು ಅವಳ ಸೊಂಟ ಒತ್ತುತ್ತಿದ್ದೆ. ಅವಳು ತಲೆ ತಿರುಗಿಸಿ ನೋಡಿದಳು.

"ಮೌಶಿ, ನಿಮ್ಮ ಕೈ ಯಾಕ ತಣ್ಣಗ ಆಗ್ಯಾವ?"

"ನೀರಾಗ ಕೆಲಸ ಮಾಡಿ ಬಂದೀನಲ್ಲವಾ."

"ಇವ್ರದು ಫೋನ್ ಬಂದಿತ್ತೇನು?"

"ಇಲ್ಲವಾ. ಉಸಿರು ದೀರ್ಘ ತಗೋ. ಹಾಂ, ಹಂಗ."

ಅವನ ಫೋನು ಬಂದಿರಲಿಲ್ಲ. ಮಾತಿನ ಮಟ್ಟಿಗೆ ಅದು ನಿಜವೇ. ಆದರೂ ಅದನ್ನು ಹೇಳುವಾಗ ನಾನು ಅವಳ ಕಣ್ಣು ತಪ್ಪಿಸಿದೆ.

ಹೊತ್ತು ಮುಳುಗುವ ವೇಳೆಗೆ ಅವಳನ್ನು ಹೆರಿಗೆ ಕೋಣೆಗೆ ತಂದೆವು. ಅದೇ ಹೊತ್ತಿಗೆ ಓಣಿಯ ಜನರ ಫೋನುಗಳಲ್ಲಿ ಒಂದು ಸಂದೇಶ ಹರಡತೊಡಗಿತ್ತು. ಇವತ್ತು ವಿಮಾನ ನಿಲ್ದಾಣದ ಮೇಲೆ ದಾಳಿ ಆಗುತ್ತದೆ, ಸುತ್ತಮುತ್ತ ಎಲ್ಲ ದೀಪ ಆರಿಸಿ ಎಂದು. ಅದನ್ನು ಕಳಿಸಿದವರು ಯಾರೆಂದು ಆಮೇಲೂ ತಿಳಿಯಲಿಲ್ಲ. ಸರಕಾರದಿಂದ ಅಂಥ ಆದೇಶ ಬಂದೇ ಇರಲಿಲ್ಲ. ಆದರೆ ಕಿಟಕಿಯಿಂದ ನೋಡುತ್ತಿದ್ದಂತೆ ಎದುರಿನ ಬಿಲ್ಡಿಂಗಿನ ದೀಪಗಳು ಒಂದೊಂದಾಗಿ ಆರಿದವು. ಆಮೇಲೆ ಅದರಾಚೆಯವು. ಕೆಳಗಿನ ವಡಾಪಾವ್ ಗಾಡಿಯವನು ತನ್ನ ಬಲ್ಬು ಆರಿಸಿದ. ಈ ಊರಿಗೆ ಬಂದಮೇಲೆ ಅಂಥ ಕತ್ತಲನ್ನು ನಾನು ನೋಡಿರಲಿಲ್ಲ. ನಮ್ಮ ಬಿಲ್ಡಿಂಗಿನವರೂ ಆರಿಸಿದರು. ಉಳಿದದ್ದು ನಮ್ಮ ಹೆರಿಗೆ ಕೋಣೆಯ ದೀಪ ಒಂದೇ.

"ಏ ದೂಸರಾ ಮಾಲಾ! ಲೈಟ್ ಬಂದ್ ಕರೋ!" ಎರಡನೆಯ ಮಹಡಿಯವರು ದೀಪ ಆರಿಸಿ ಎಂದು ಕೆಳಗಿನಿಂದ ಕೂಗು ಬಂತು. ಒಬ್ಬರಿದ್ದವರು ಹಲವರಾದರು.

ಉಡುಪಿಯ ಸಿಸ್ಟರ್ ಹಸಿರು ಆಪರೇಶನ್ ಬಟ್ಟೆಗಳನ್ನು ತಂದು ಕಿಟಕಿಗೆ ಪಟ್ಟಿ ಅಂಟಿಸಿ ಮುಚ್ಚಿದರು. ವಾರ್ಡು, ಹಾಲ್, ಪ್ಯಾಸೇಜ್ ಎಲ್ಲ ಕಡೆ ದೀಪ ಆರಿಸಿದೆವು. ದೊಡ್ಡ ದೀಪವನ್ನೂ ಆರಿಸಿ, ಕಾಲ ಕಡೆಗಿನ ಬಾಗುವ ದೀಪವೊಂದನ್ನು ಉಳಿಸಿಕೊಂಡೆವು. ಬಟ್ಟೆಯ ಅಂಚಿನಿಂದ ಒಂದು ಗೆರೆಯಷ್ಟು ಬೆಳಕು ಹೊರಗೆ ಹೋಗುತ್ತಿತ್ತೋ ಏನೋ, ಕೂಗು ನಿಲ್ಲಲಿಲ್ಲ. ನಾನು ಡಾಕ್ಟರ್‌ಗೆ ಫೋನ್ ಮಾಡಿದೆ. ಆಪರೇಶನ್ ಮುಗಿಸಿ ಹೊರಟಿದ್ದರು, ಕತ್ತಲೆಯಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟಿವೆ, ಹೇಗಾದರೂ ಬರುತ್ತೇನೆ ಎಂದರು.

ಮಗುವಿನ ಎದೆಬಡಿತ ಪ್ರತಿ ನೋವಿಗೂ ಕುಸಿದು ಮತ್ತೆ ಏರುತ್ತಿತ್ತು. ಏರಲು ಹಿಡಿಯುವ ಹೊತ್ತು ಹೆಚ್ಚಾಗತೊಡಗಿತ್ತು. ನಾನು ಉಡುಪಿಯ ಸಿಸ್ಟರ್ ಮುಖ ನೋಡಿದೆ. ಅವರೂ ಅದನ್ನು ಕೇಳಿಸಿಕೊಂಡಿದ್ದರು. ಇನ್ನು ತಡಮಾಡುವಂತಿರಲಿಲ್ಲ.

ಆಗಲೇ ಮೆಟ್ಟಿಲ ಮೇಲೆ ಕಾಲ್ಸಪ್ಪಳ ಬಂತು, ಹೊರಬಾಗಿಲು ಬಡಿಯತೊಡಗಿತು. "ಹಮ್ ಸಬ್ ಕೋ ಮರವಾಓಗೇ ಕ್ಯಾ?" ಒಬ್ಬ ಗಂಡಸು ಕಿರುಚುತ್ತಿದ್ದ. ನಮ್ಮೆಲ್ಲರನ್ನೂ ಕೊಲ್ಲಿಸುತ್ತೀರಾ ಎಂದು. ಆ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು, ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಇನ್ನೊಬ್ಬ, ಕೆಳಗೆ ಹೋಗಿ ಮೇನ್ ಸ್ವಿಚ್ಚೇ ತೆಗೆಯೋಣ ಎಂದ.

ಬಾಗಿಲಿಗೆ ಹೋದದ್ದು ಹುಡುಗಿಯ ತಾಯಿ. ಆ ಮೆತ್ತನೆಯ ಹೆಂಗಸಿನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಹಾತ್ ಲಗಾಕೆ ದೇಖೋ ಸ್ವಿಚ್ ಕೋ! ಮೇರೀ ಬೇಟೀ ಅಂದರ್ ಹೈ! ದಾಮಾದ್ ಉಧರ್ ಬಾರ್ಡರ್ ಪೇ ಘಾಯಲ್ ಪಡಾ ಹೈ, ಔರ್ ತುಮ್ ಲೋಗ್ ಇಧರ್..." ಸ್ವಿಚ್ ಮುಟ್ಟಿ ನೋಡಿ, ಮಗಳು ಒಳಗಿದ್ದಾಳೆ, ಅಳಿಯ ಗಡಿಯಲ್ಲಿ ಗಾಯಗೊಂಡು ಬಿದ್ದಿದ್ದಾನೆ ಎಂದು. ಮುಂದೆ ಹಿಂದಿ ಸಾಲದೆ ಕನ್ನಡಕ್ಕೆ ಇಳಿದಳು. "ಅವ ಜೀವಂತ ಅದಾನೋ ಇಲ್ಲೋ ಅನ್ನೂದು ಸೈತ ನಮಗ ಗೊತ್ತಿಲ್ರೋ! ನಿಮಗ ಲೈಟಿನ ಚಿಂತಿ ಐತಿ!"

ಹೊರಗೆ ಗದ್ದಲ ನಿಂತಿತು. ಯಾರೋ ಮೆಲ್ಲಗೆ ಏನೋ ಅಂದರು. ಕಾಲ್ಸಪ್ಪಳ ಕೆಳಗಿಳಿಯಿತು. ಒಳಗೆ, ಟೇಬಲ್ ಮೇಲೆ, ಹುಡುಗಿ ಮೊಣಕೈಯೂರಿ ಎದ್ದಿದ್ದಳು.

"ಅಮ್ಮ ಏನಂದ್ಲು?"

ನಾನು ಅವಳ ಭುಜ ಹಿಡಿದು ಮಲಗಿಸಲು ನೋಡಿದೆ.

"ಮೌಶಿ. ಅಮ್ಮ ಈಗ ಏನಂದ್ಲು?"

ನೋವು ಬಂತು. ಅವಳು ಮುಕ್ಕಲಿಲ್ಲ. ಹಲ್ಲು ಕಚ್ಚಿ, ಟೇಬಲಿನ ಕಂಬಿ ಹಿಡಿದು, ಇಡೀ ಮೈಯನ್ನು ಬಿಗಿ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮಗುವಿನ ಬಡಿತ ಕುಸಿಯಿತು. ಏರುವುದನ್ನು ಕಾದೆವು. ಅದು ನಿಧಾನವಾಗಿ, ಬಹಳ ನಿಧಾನವಾಗಿ ಏರಿತು.

ಉಡುಪಿಯ ಸಿಸ್ಟರ್ ನನ್ನತ್ತ ನೋಡಿ ತಲೆಯನ್ನು ಸ್ವಲ್ಪವೇ ಆಡಿಸಿದರು. ಹೇಳಬೇಡ ಎಂದೋ, ಇನ್ನು ಹೇಳಿಬಿಡು ಎಂದೋ, ನನಗೆ ಗೊತ್ತಾಗಲಿಲ್ಲ. ನಾನು ಹುಡುಗಿಯ ಮುಖದ ಹತ್ತಿರ ಬಾಗಿದೆ.

"ಅವಂಗ ಬಡದೈತವಾ. ದವಾಖಾನಿಗೆ ಒಯ್ದಾರ. ಎಷ್ಟು ಬಡದೈತಿ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟ. ಇದಕ್ಕಿಂತ ಹೆಚ್ಚು ನಾ ಏನೂ ಮುಚ್ಚಿಟ್ಟಿಲ್ಲ."

"ಖರೇ?"

"ಖರೇ."

ಅವಳ ಕಣ್ಣುಗಳಲ್ಲಿ ನೀರು ಬರಲಿಲ್ಲ. "ಮೌಶಿ, ನನಗ ಬಾಳ ಡರ್ ಲಗ್ತಾ ಹೈ," ಎಂದಳು, ಎರಡು ಭಾಷೆ ಒಂದೇ ಮಾತಿನಲ್ಲಿ ಕಲಸಿಹೋಗಿ.

"ನನಗೂ ಅಂಜಿಕಿ ಆಗೇತಿ," ಎಂದೆ. "ಆದ್ರ ಕೂಸಿಗೆ ಉಸಿರು ಸಾಲವಲ್ದು. ಅದನ್ನ ಈಗ ಹೊರಗ ತರಬೇಕು. ನೀ ಮುಕ್ಕಿದ್ರ ಬರ್ತೈತಿ."

ಮುಂದಿನ ನೋವಿಗೆ ಅವಳು ಮುಕ್ಕಿದಳು. ಉಡುಪಿಯ ಸಿಸ್ಟರ್ ಅವಳ ಭುಜಗಳನ್ನು ಹಿಂದಿನಿಂದ ತಬ್ಬಿ ಹಿಡಿದು, "ಇನ್ನೂ, ಇನ್ನೂ ಮಗಾ, ಬಿಡಬೇಡ," ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದರು. ನಾನು ಬಾಗುವ ದೀಪದ ಆ ಚಿಕ್ಕ ಬೆಳಕಿನ ವೃತ್ತದಲ್ಲಿ ಮಗುವಿನ ತಲೆ ಬರುವುದನ್ನು ನೋಡಿದೆ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ಬೆರಳು ಹಾಕಿ ಅದನ್ನು ತಲೆಯ ಮೇಲಿಂದ ತೆಗೆದೆ. ಮಗು ಜಾರಿ ನನ್ನ ಕೈಗೆ ಬಂತು. ಹೆಣ್ಣುಮಗು. ನೀಲಿಗಟ್ಟಿತ್ತು, ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

ಅದು ಅಳಲಿಲ್ಲ.

ನಾನು ಬಳ್ಳಿ ಕತ್ತರಿಸಿದ ಕೂಡಲೇ ಉಡುಪಿಯ ಸಿಸ್ಟರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುವನ್ನು ಬೆಚ್ಚಗಿಡುವ ಯಂತ್ರದ ಕೆಳಗಿಟ್ಟು ಒರೆಸಿದರು, ಬೆನ್ನು ಉಜ್ಜಿದರು, ಪುಟ್ಟ ಮಾಸ್ಕ್ ಮುಖಕ್ಕಿಟ್ಟು ಗಾಳಿಚೀಲ ಒತ್ತತೊಡಗಿದರು. ಆ ಚೀಲದ ಪುಸ್ ಪುಸ್ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. "ಯಾಕ ಅಳವಲ್ದು? ಮೌಶಿ, ಯಾಕ ಅಳವಲ್ದು?" ಹುಡುಗಿ ಕೇಳುತ್ತಿದ್ದಳು. ಅಷ್ಟರಲ್ಲಿ ನನ್ನ ಮುಂದೆ ರಕ್ತ ಹರಿಯತೊಡಗಿತ್ತು. ಮಾಸು ಬಿದ್ದಿತ್ತು, ಆದರೆ ಗರ್ಭಕೋಶ ಬಿಗಿಯಾಗುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟೆ. ಒಂದು ಕೈಯಿಂದ ಹೊಟ್ಟೆಯನ್ನು ಬಲವಾಗಿ ಉಜ್ಜುತ್ತ, ಇನ್ನೊಂದು ಕೈಯಿಂದ ಸಲೈನಿನ ವೇಗ ಹೆಚ್ಚಿಸಿದೆ. ಅಂಗೈ ಕೆಳಗೆ ಗರ್ಭಕೋಶ ನಾದಿದ ಹಿಟ್ಟಿನಷ್ಟು ಮೆತ್ತಗಿತ್ತು. ಬಿಗಿಯಾಗು, ಬಿಗಿಯಾಗು ಎಂದು ಒಳಗೊಳಗೇ ಅನ್ನುತ್ತಿದ್ದೆ. ನನ್ನ ಬೆನ್ನ ಹಿಂದೆ ಮಗು ಇತ್ತು, ನಾನು ತಿರುಗಿ ನೋಡಲಿಲ್ಲ. ನೋಡಲು ಧೈರ್ಯವೂ ಇರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಇಬ್ಬರನ್ನೂ ಒಟ್ಟಿಗೆ ಕಳೆದುಕೊಳ್ಳುವ ಹೆದರಿಕೆ ನನಗೆ ಅಷ್ಟು ಹತ್ತಿರ ಬಂದದ್ದು ಅದೊಂದೇ ಸಲ.

ಮೊದಲು ಒಂದು ಬಿಕ್ಕು ಕೇಳಿಸಿತು. ಬೆಕ್ಕಿನ ಮರಿ ಸೀನಿದ ಹಾಗೆ. ಆಮೇಲೆ ಇನ್ನೊಂದು. ಆಮೇಲೆ ಸಣ್ಣ, ಒರಟು ಅಳು. "ಬಂತು, ಬಂತು," ಎಂದರು ಉಡುಪಿಯ ಸಿಸ್ಟರ್, ಅವರ ದನಿಯೂ ಅಳುವಿನ ಹಾಗೇ ಇತ್ತು. ನನ್ನ ಕೈಕೆಳಗೆ ಗರ್ಭಕೋಶ ಇನ್ನೂ ಮೆತ್ತಗೇ ಇತ್ತು. ಮಗುವಿಗೆ ಬಟ್ಟೆ ಸುತ್ತಿ ಅಜ್ಜಿಯ ಕೈಗೆ ಕೊಟ್ಟು ಅವರು ನನ್ನ ಪಕ್ಕಕ್ಕೆ ಬಂದರು, ಎರಡನೆಯ ಇಂಜೆಕ್ಷನ್ ತುಂಬಿದರು. ನನ್ನ ತೋಳು ಸೋತಾಗ ಅವರು ಒತ್ತಿದರು, ಅವರು ಸೋತಾಗ ನಾನು. ಡಾಕ್ಟರ್ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಮೆಟ್ಟಿಲು ಹತ್ತಿ ಬಂದಾಗ ನಾವಿಬ್ಬರೂ ಹಾಗೇ ನಿಂತಿದ್ದೆವು. ಹೆದ್ದಾರಿಯಲ್ಲೇ ರಿಕ್ಷಾ ಬಿಟ್ಟು ನಡೆದು ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಕೈ ತೊಳೆದು ನೇರ ಕೆಲಸಕ್ಕಿಳಿದರು. ಅವರು ಬಂದು ಔಷಧ ಬದಲಿಸಿದ ಮೇಲೆಯೇ ರಕ್ತ ಹಿಡಿತಕ್ಕೆ ಬಂದದ್ದು.

ಕೊನೆಗೂ ಗರ್ಭಕೋಶ ಬಿಗಿದು ಅಂಗೈಗೆ ಗಟ್ಟಿ ಉಂಡೆಯಂತೆ ಸಿಕ್ಕಿತು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತೆ. ಹುಡುಗಿ ಸುಣ್ಣದ ಗೋಡೆಯಂತೆ ಬಿಳುಚಿ, ಎದೆಯ ಮೇಲೆ ಮಗುವನ್ನು ಹಾಕಿಕೊಂಡು, ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಲ್ಲಿ ಅವಳ ತಾಯಿ ಫೋನು ಹಿಡಿದು ನಿಂತಿದ್ದಳು. ಫೋನು ಬರಲಿಲ್ಲ. ಆ ದಿನ ಬರಲೇ ಇಲ್ಲ. ದಾಳಿಯೂ ಆಗಲಿಲ್ಲ, ಓಣಿಯ ದೀಪಗಳು ಒಂದೊಂದಾಗಿ ಮತ್ತೆ ಹತ್ತಿಕೊಂಡವು.

ಸುದ್ದಿ ಬಂದದ್ದು ಮರುದಿನ ಮಧ್ಯಾಹ್ನ. ಜೀವಕ್ಕೆ ಅಪಾಯವಿಲ್ಲ, ಎಡಗಾಲು ಮತ್ತು ಹೊಟ್ಟೆಯ ಪಕ್ಕಕ್ಕೆ ಚೂರುಗಳು ಹೊಕ್ಕಿದ್ದವು, ಆಪರೇಶನ್ ಆಗಿದೆ ಎಂದು. ಹುಡುಗಿ ಕೇಳಿ ತಲೆಯಾಡಿಸಿದಳು. ಅಳು ಅವಳಿಗೆ ಸಂಜೆ ಬಂತು, ಮಗುವಿಗೆ ಹಾಲು ಕೊಡುವಾಗ, ಸದ್ದಿಲ್ಲದೆ, ಬಹಳ ಹೊತ್ತು. ಆ ವಾರದ ಕೊನೆಗೆ ಗುಂಡಿನ ಸದ್ದು ನಿಂತಿತು ಎಂದು ಟೀವಿಯಲ್ಲಿ ಬಂತಂತೆ. ನಮ್ಮ ಟೀವಿಯ ವೈರ್ ಇನ್ನೂ ಕಪಾಟಿನಲ್ಲೇ ಇತ್ತು, ನಮಗೆ ತಿಳಿದದ್ದು ಚಹಾದವನಿಂದ.

ಹುಡುಗಿಗೆ ಸುದ್ದಿ ಹೇಳಿದ್ದು ಸರಿಯೇ ತಪ್ಪೇ ಎಂದು ನಾನು ಉಡುಪಿಯ ಸಿಸ್ಟರನ್ನು ಒಮ್ಮೆ ಕೇಳಿದೆ. ಅವರು ಗ್ಲವ್ಸ್ ಕಳಚುತ್ತ, "ನಾನಾದ್ರೆ ಹೇಳ್ತಿರ್ಲಿಲ್ಲ," ಎಂದರು. ಅವನ್ನು ಕಸದ ಬುಟ್ಟಿಗೆ ಹಾಕಿ, "ಅವಳು ನನ್ನನ್ನು ಕೇಳಲೂ ಇಲ್ಲ ಅಲ್ವಾ," ಎಂದರು.

ಕೆಲವು ತಿಂಗಳ ಮೇಲೆ ಹುಡುಗಿ ಮಗುವಿನ ಲಸಿಕೆಗೆ ಬಂದಾಗ ಅವಳ ಗಂಡನೂ ಬಂದಿದ್ದ. ಎತ್ತರದ ಹುಡುಗ, ಕೋಲು ಊರಿ ನಡೆಯುತ್ತಿದ್ದ. ಕಾಲು ಪೂರ್ತಿ ಸರಿಹೋಗುವುದಿಲ್ಲವಂತೆ, ಇನ್ನು ಆಫೀಸಿನ ಕೆಲಸ ಕೊಡುತ್ತಾರಂತೆ. ನಾನು ಸೂಜಿ ಚುಚ್ಚಿದೆ, ಮಗು ಸೂರು ಹಾರುವಂತೆ ಅತ್ತಿತು. ತಿರುಗಿ ನೋಡಿದರೆ ಅವನು ಇರಲಿಲ್ಲ. ಪ್ಯಾಸೇಜಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಹಣೆಯೆಲ್ಲ ಬೆವರು.

"ಏನಾತಪಾ?"

"ಏನಿಲ್ರಿ ಅಕ್ಕಾರ." ಅವನು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. "ಕೂಸು ಅತ್ರ ನನಗ ಹಿಂಗ ಆಗ್ತೈತ್ರಿ. ಅವತ್ತ ಶೆಲ್ ಬಿದ್ದಾಗ ಮಂದಿ ಅತ್ತಿದ್ದು ನೆನಪಾಗ್ತೈತಿ."

ನಾನು ಕುರ್ಚಿ ತಂದು ಹಾಕಿದೆ, ನೀರು ಕೊಟ್ಟೆ. ಅವನು ಕುಡಿದ. ಒಳಗೆ ಅಳು ನಿಲ್ಲುವವರೆಗೆ ನಾನೂ ಅಲ್ಲೇ ಅವನ ಪಕ್ಕದಲ್ಲಿ ನಿಂತೆ. ಆಮೇಲೆ ಅವನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಚಲೇ, ಹೋಗೂಣ?" ಎಂದು ಅವನ ತೋಳು ಹಿಡಿದಳು. ಮೂವರೂ ಒಂದೊಂದೇ ಮೆಟ್ಟಿಲು ಇಳಿದು ರಿಕ್ಷಾ ಹುಡುಕಲು ಹೋದರು.